ಎರವಲು ಹೋದ ಹುಡುಗ: ಹ್ಯಾರಿ ಕೇನ್‌ನ ಮೊದಲ ವರ್ಷಗಳು

ಕೇಳುಗರಿಗೆ ನಮಸ್ಕಾರ.

ನಾಲ್ಕು ಕ್ಲಬ್, 65 ಪಂದ್ಯ, 16 ಗೋಲು. ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟನ್‌ಹ್ಯಾಮ್ ಹಾಟ್‌ಸ್ಪರ್‌ನ ಹುಡುಗ ಹ್ಯಾರಿ ಕೇನ್ 2011ರ ಜನವರಿಯಿಂದ 2013ರ ಮೇ ತಿಂಗಳವರೆಗೆ ಬೇರೆ ಬೇರೆ ಕ್ಲಬ್‌ಗಳಿಗೆ ಎರವಲು ಹೋಗಿ ಆಡಿದ್ದರ ಲೆಕ್ಕ ಇದು. ಈ ಅಂಕಿಗಳನ್ನಷ್ಟೇ ನೋಡಿದವರು, ಕೆಳಗಿನ ಡಿವಿಷನ್‌ಗಳಲ್ಲಿ ಹೇಗೋ ಕಾಲ ತಳ್ಳುವ ಸ್ಟ್ರೈಕರ್ (ಗೋಲು ಹೊಡೆಯುವುದೇ ಕೆಲಸವಾದ ಮುಂದಿನ ಸಾಲಿನ ಆಟಗಾರ) ಇರಬೇಕು ಎಂದುಕೊಂಡರೆ ತಪ್ಪಿಲ್ಲ. ಆಗ ಇಂಗ್ಲೆಂಡಿನಲ್ಲೇ ಅನೇಕರು ಹಾಗೆ ಅಂದುಕೊಂಡಿದ್ದರು. ಆದರೆ ಈ ನಾಲ್ಕು ಎರವಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅಲ್ಲಿನ ಕ್ಲಬ್‌ಗಳು ಹುಡುಗರನ್ನು ಹೇಗೆ ಬೆಳೆಸುತ್ತವೆ, ಎಲ್ಲಿ ಎಡವುತ್ತವೆ ಎನ್ನುವುದು ತಿಳಿಯುತ್ತದೆ.

ಕೇನ್ ಹುಟ್ಟಿದ್ದು 1993ರ ಜುಲೈ 28ರಂದು, ಲಂಡನ್ನಿನ ಈಶಾನ್ಯ ಭಾಗದ ವಾಲ್ತಮ್‌ಸ್ಟೋದಲ್ಲಿ. ಈ ತಾರೀಖನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಒಂದನೇ ತರಗತಿಗೆ ಸೇರಿಸಲು ಜೂನ್ 1ಕ್ಕೆ ವಯಸ್ಸಿನ ಲೆಕ್ಕ ಹಾಕುತ್ತಾರಲ್ಲ, ಇಂಗ್ಲೆಂಡಿನಲ್ಲಿ ಶಾಲೆಯ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. ಕ್ಲಬ್‌ಗಳು ಹುಡುಗರನ್ನು ತಯಾರು ಮಾಡುವ ಫುಟ್‌ಬಾಲ್ ಅಕಾಡೆಮಿಗಳ ವಯೋಮಿತಿಯೂ ಅದನ್ನೇ ಹಿಡಿದು ನಡೆಯುತ್ತದೆ. ಅಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹುಟ್ಟಿದವನೂ ಮುಂದಿನ ಜುಲೈ ಕೊನೆಯಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಪೈಪೋಟಿ ಮಾಡಬೇಕು. ಎಂಟು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಎಂದರೆ ಎತ್ತರ, ತೂಕ, ಓಟದ ವೇಗ ಎಲ್ಲದರಲ್ಲೂ ಕಣ್ಣಿಗೆ ಹೊಡೆಯುವ ವ್ಯತ್ಯಾಸ. ಅಕಾಡೆಮಿಗಳ ಪಟ್ಟಿ ತೆಗೆದು ನೋಡಿದರೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹುಟ್ಟಿದ ಹುಡುಗರು ಲೆಕ್ಕಕ್ಕಿಂತ ಹೆಚ್ಚು, ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಹುಟ್ಟಿದವರು ಕಡಿಮೆ ಇರುವುದು ಇದೇ ಕಾರಣಕ್ಕೆ. ಆಯ್ಕೆ ಮಾಡುವವರು ಪ್ರತಿಭೆ ನೋಡುತ್ತಿದ್ದೇವೆ ಎಂದುಕೊಂಡು ಎಷ್ಟೋ ಸಲ ಹುಟ್ಟಿದ ತಿಂಗಳನ್ನು ನೋಡುತ್ತಿರುತ್ತಾರೆ.

ಕೇನ್‌ಗೆ ಆದದ್ದೂ ಇದೇ. ಚಿಂಗ್‌ಫರ್ಡ್‌ನ ರಿಡ್ಜ್‌ವೇ ರೋವರ್ಸ್ ಎಂಬ ಮಕ್ಕಳ ಕ್ಲಬ್‌ನಲ್ಲಿ ಆಡುತ್ತಿದ್ದವನನ್ನು ಎಂಟನೇ ವಯಸ್ಸಿನಲ್ಲಿ ಆರ್ಸೆನಲ್ ಕರೆದುಕೊಂಡಿತು, ಒಂದೇ ಋತುವಿನ (ಆಗಸ್ಟ್‌ನಿಂದ ಮೇವರೆಗಿನ ಆಟದ ವರ್ಷ) ನಂತರ ಕೈಬಿಟ್ಟಿತು. ಹುಡುಗ ಸ್ವಲ್ಪ ದುಂಡಗಿದ್ದ, ಮೈ ಚುರುಕಾಗಿರಲಿಲ್ಲ, ಆದರೂ ಬಿಟ್ಟದ್ದು ನಮ್ಮ ತಪ್ಪು ಎಂದು ಆಗ ಅಲ್ಲಿನ ಅಕಾಡೆಮಿಯ ಮುಖ್ಯಸ್ಥರಾಗಿದ್ದ ಲಿಯಾಮ್ ಬ್ರೇಡಿ ಮುಂದೆ ಒಪ್ಪಿಕೊಂಡರು. ಆಮೇಲೆ ಕೇನ್ ವಾಟ್‌ಫರ್ಡ್‌ನಲ್ಲಿ ಟ್ರಯಲ್ಸ್‌ಗೆ ಹೋದ. ವಾಟ್‌ಫರ್ಡ್ ಪರವಾಗಿ ಟಾಟನ್‌ಹ್ಯಾಮ್ ಹುಡುಗರ ವಿರುದ್ಧವೇ ಚೆನ್ನಾಗಿ ಆಡಿದ್ದನ್ನು ಕಂಡು ಟಾಟನ್‌ಹ್ಯಾಮ್ ಅವನನ್ನು ಕರೆಸಿಕೊಂಡಿತು. ಅದು 2004, ಅವನಿಗೆ ಹನ್ನೊಂದು. ಆಗಿನ್ನೂ ಅವನು ಸ್ಟ್ರೈಕರ್ ಕೂಡ ಅಲ್ಲ. ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದ, ಹದಿಹರೆಯದಲ್ಲಿ ಮೈಕಟ್ಟು ಬೆಳೆದ ಮೇಲೆ ಮುಂದಕ್ಕೆ ಬಂದ. ಚೆಂಡನ್ನು ಹಿಂದಕ್ಕೆ ಇಳಿದು ಪಡೆದು, ತಿರುಗಿ ಉದ್ದ ಪಾಸ್ ಕೊಡುವ ಅವನ ಅಭ್ಯಾಸದ ಬೇರು ಆ ವರ್ಷಗಳಲ್ಲಿದೆ.

ಇಂಗ್ಲಿಷ್ ಅಕಾಡೆಮಿಯಲ್ಲಿ ಹದಿನಾರಕ್ಕೆ ಮೊದಲ ದೊಡ್ಡ ಜರಡಿ. ದಾಟಿದವರಿಗೆ ಸಾಮಾನ್ಯವಾಗಿ ಎರಡು ವರ್ಷದ ಸ್ಕಾಲರ್‌ಷಿಪ್: ಪೂರ್ಣಾವಧಿ ತರಬೇತಿ, ಜೊತೆಗೆ ಓದು, ಕೈಗೆ ಒಂದಿಷ್ಟು ಭತ್ಯೆ. ವೃತ್ತಿಪರ ಒಪ್ಪಂದಕ್ಕೆ ಹದಿನೇಳು ತುಂಬಬೇಕು. ಕೇನ್‌ಗೆ 2009ರ ಜುಲೈನಲ್ಲಿ ಸ್ಕಾಲರ್‌ಷಿಪ್ ಸಿಕ್ಕಿತು, ಮರುವರ್ಷ ಹದಿನೇಳು ತುಂಬುವ ಹೊತ್ತಿಗೆ ವೃತ್ತಿಪರ ಒಪ್ಪಂದವೂ ಆಯಿತು.

ಇಲ್ಲೊಂದು ತೊಡಕು. ಆಗ ಹ್ಯಾರಿ ರೆಡ್‌ನ್ಯಾಪ್ ಮ್ಯಾನೇಜರ್ ಆಗಿದ್ದ ಟಾಟನ್‌ಹ್ಯಾಮ್, 2009ರಲ್ಲಿ ರಿಸರ್ವ್ ತಂಡಗಳ, ಅಂದರೆ ಕ್ಲಬ್‌ಗಳ ಎರಡನೇ ತಂಡಗಳ, ಲೀಗಿನಿಂದಲೇ ಹೊರಬಂದಿತ್ತು. ಹದಿನೆಂಟರೊಳಗಿನ ತಂಡಕ್ಕೂ ಮೊದಲ ತಂಡಕ್ಕೂ ನಡುವೆ ನಿಯಮಿತ ಪಂದ್ಯಗಳೇ ಇಲ್ಲ. ಹುಡುಗರಿಗೆ ಆಟ ಬೇಕೆಂದರೆ ಹೊರಗೆ ಕಳುಹಿಸಬೇಕು.

ಎರವಲಿನ ಕಾಗದದಲ್ಲಿ ಏನಿರುತ್ತದೆ ಎಂದು ನೋಡೋಣ. ಆಟಗಾರ ಮೂಲ ಕ್ಲಬ್‌ನವನಾಗಿಯೇ ಉಳಿಯುತ್ತಾನೆ. ಸಂಬಳದಲ್ಲಿ ಯಾರದ್ದು ಎಷ್ಟು ಪಾಲು, ಎರವಲು ಯಾವತ್ತಿಗೆ ಮುಗಿಯುತ್ತದೆ, ಮೂಲ ಕ್ಲಬ್ ನಡುವೆಯೇ ವಾಪಸ್ ಕರೆಸಿಕೊಳ್ಳಬಹುದೇ, ಕಪ್ ಪಂದ್ಯಗಳಲ್ಲಿ (ಲೀಗಿನ ಹೊರಗೆ, ಸೋತವರು ಹೊರಬೀಳುವ ಪಂದ್ಯಾವಳಿ) ಆಡಿಸಬಹುದೇ, ಇವು ಮುಖ್ಯ ಷರತ್ತುಗಳು. ಕಪ್ ಪಂದ್ಯಕ್ಕೆ ಪ್ರತ್ಯೇಕ ಒಪ್ಪಿಗೆ ಏಕೆಂದರೆ, ಆಗ ಒಂದು ಕಪ್‌ನಲ್ಲಿ ಒಂದು ಕ್ಲಬ್ ಪರ ಆಡಿದವನು ಅದೇ ಋತುವಿನಲ್ಲಿ ಆ ಕಪ್‌ನಲ್ಲಿ ಇನ್ನೊಂದು ಕ್ಲಬ್ ಪರ ಆಡುವಂತಿರಲಿಲ್ಲ. ಅಲ್ಲಿನ ಮೊದಲ ಹಂತವಾದ ಪ್ರೀಮಿಯರ್ ಲೀಗಿನ ಎರಡು ಕ್ಲಬ್‌ಗಳ ನಡುವಿನ ಎರವಲಾದರೆ, ಹುಡುಗ ತನ್ನ ಮೂಲ ಕ್ಲಬ್ಬಿನ ವಿರುದ್ಧ ಇಳಿಯುವಂತಿಲ್ಲ. ಕಾಗದದಲ್ಲಿ ಬರೆಯಲಾಗದ ಷರತ್ತು ಒಂದೇ: ಇವನನ್ನು ಆಡಿಸಲೇಬೇಕು ಎನ್ನುವುದು. ಆಡಿಸದಿದ್ದರೆ ಹೆಚ್ಚು ಹಣ ಕಟ್ಟಬೇಕು ಎಂದು ಈಗೀಗ ಬರೆಸಿಕೊಳ್ಳುತ್ತಾರೆ. ಹಾಗಿದ್ದರೂ ಶನಿವಾರದ ಹನ್ನೊಂದು ಜನರನ್ನು ಆರಿಸುವವನು ಅಲ್ಲಿನ ಮ್ಯಾನೇಜರ್. ತನ್ನ ಕೆಲಸ ಉಳಿಸಿಕೊಳ್ಳುವ ಚಿಂತೆಯಲ್ಲಿರುವವನು ಇನ್ನೊಬ್ಬರ ಹುಡುಗನನ್ನು ಯಾಕೆ ಬೆಳೆಸುತ್ತಾನೆ?

ಮೊದಲ ಎರವಲು ಲೇಟನ್ ಓರಿಯಂಟ್‌ಗೆ, 2011ರ ಜನವರಿಯಲ್ಲಿ. ಮೂರನೇ ಹಂತದ ಲೀಗ್ ಒನ್ ಕ್ಲಬ್ ಅದು. ಮನೆಯಿಂದ ಹತ್ತಿರ, ಊರು ಬದಲಿಸುವ ಕಷ್ಟವಿಲ್ಲ. ಜನವರಿ 15ರಂದು ರಾಚ್‌ಡೇಲ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ, ಒಂದು ವಾರದ ನಂತರ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಮೊದಲ ಗೋಲು ಹೊಡೆದ. ಒಟ್ಟು 18 ಪಂದ್ಯ, 5 ಗೋಲು. ಚಳಿಗಾಲದ ಕೆಸರು ಮೈದಾನ, ತನ್ನ ಎರಡರಷ್ಟು ವಯಸ್ಸಿನ ಡಿಫೆಂಡರ್‌ಗಳು, ಮೊಣಕೈ ತಿವಿತ. ಅಕಾಡೆಮಿಯ ನುಣುಪಾದ ಹುಲ್ಲಿನ ಮೇಲೆ ಇದ್ಯಾವುದೂ ಸಿಗುವುದಿಲ್ಲ.

ಆ ಆಗಸ್ಟ್‌ನಲ್ಲಿ ಟಾಟನ್‌ಹ್ಯಾಮ್ ಪರ ಮೊದಲ ಪಂದ್ಯ, ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುರೋಪಾ ಲೀಗ್‌ನಲ್ಲಿ ಸ್ಕಾಟ್ಲೆಂಡಿನ ಹಾರ್ಟ್ಸ್ ವಿರುದ್ಧ. ಪೆನಾಲ್ಟಿ ಗಿಟ್ಟಿಸಿದ, ತಾನೇ ಒದ್ದ, ಗೋಲ್‌ಕೀಪರ್ ತಡೆದ. ಪಂದ್ಯ ಗೋಲಿಲ್ಲದೆ ಮುಗಿಯಿತು.

ನನ್ನ ಲೆಕ್ಕದಲ್ಲಿ ಕೇನ್‌ನನ್ನು ಆಟಗಾರನನ್ನಾಗಿ ಮಾಡಿದ್ದು ಎರಡನೇ ಎರವಲು, 2012ರ ಜನವರಿಯಲ್ಲಿ ಮಿಲ್‌ವಾಲ್‌ಗೆ ಹೋದದ್ದು. ಕಾರಣ ಸರಳ: ಅಲ್ಲಿ ಜಾಗ ಖಾಲಿ ಇತ್ತು. ಮಿಲ್‌ವಾಲ್‌ನ ಮುಖ್ಯ ಸ್ಟ್ರೈಕರ್ ಸ್ಟೀವ್ ಮಾರಿಸನ್ ಹಿಂದಿನ ಬೇಸಿಗೆಯಲ್ಲೇ ನಾರ್ವಿಚ್‌ಗೆ ಹೋಗಿದ್ದರು, ತಂಡ ಎರಡನೇ ಹಂತದ ಚಾಂಪಿಯನ್‌ಷಿಪ್‌ನಿಂದ ಕೆಳಕ್ಕೆ ಬೀಳುವ ಭಯದಲ್ಲಿತ್ತು. ಮ್ಯಾನೇಜರ್ ಕೆನ್ನಿ ಜ್ಯಾಕೆಟ್ ಅವರಿಗೆ ಗೋಲು ಹೊಡೆಯುವವನೊಬ್ಬ ಬೇಕೇ ಬೇಕಿತ್ತು. ಶುರುವಿನಲ್ಲಿ ಲೀಗ್ ಗೋಲು ಬರಲಿಲ್ಲ, ಆದರೂ ಅವನನ್ನು ತೆಗೆಯಲಿಲ್ಲ. ಕೊನೆಗೆ 27 ಪಂದ್ಯಗಳಲ್ಲಿ 9 ಗೋಲು. ಮಿಲ್‌ವಾಲ್ ಉಳಿಯಿತು, ವರ್ಷದ ಯುವ ಆಟಗಾರ ಪ್ರಶಸ್ತಿ ಹದಿನೆಂಟರ ಎರವಲು ಹುಡುಗನಿಗೆ ಹೋಯಿತು. ಸೋತರೆ ಪಕ್ಕದಲ್ಲಿ ಕೂತವನ ಮನೆ ಕಂತು ತಪ್ಪುತ್ತದೆ ಎನ್ನುವ ಡ್ರೆಸ್ಸಿಂಗ್ ರೂಮಿನಲ್ಲಿ ಐದು ತಿಂಗಳು ಕಳೆಯುವುದು ಬೇರೆಯದೇ ಪಾಠ.

ಇನ್ನು ಮೂರನೆಯದು. ಹೊರನೋಟಕ್ಕೆ ಬಡ್ತಿ: 2012ರ ಆಗಸ್ಟ್ 31ರಂದು ಪ್ರೀಮಿಯರ್ ಲೀಗಿನ ನಾರ್ವಿಚ್‌ಗೆ. ಆದರೆ ಅಲ್ಲಿ ಗ್ರಾಂಟ್ ಹೋಲ್ಟ್ ಇದ್ದರು, ಮಿಲ್‌ವಾಲ್‌ನಿಂದ ಬಂದ ಅದೇ ಮಾರಿಸನ್ ಕೂಡ ಇದ್ದರು. ಯಾರು ತೆರವು ಮಾಡಿದ ಜಾಗದಲ್ಲಿ ಮಿಲ್‌ವಾಲ್‌ನಲ್ಲಿ ಬೆಳೆದನೋ, ನಾರ್ವಿಚ್‌ನಲ್ಲಿ ಅವರ ಹಿಂದೆಯೇ ಸಾಲಿನಲ್ಲಿ ನಿಲ್ಲಬೇಕಾಯಿತು. ವೆಸ್ಟ್ ಹ್ಯಾಮ್ ವಿರುದ್ಧ ಬದಲಿಯಾಗಿ ಇಳಿದು ಸಿಕ್ಕ ಒಳ್ಳೆಯ ಅವಕಾಶ ಕಳೆದುಕೊಂಡ. ಸೆಪ್ಟೆಂಬರ್ ಕೊನೆಗೆ ಲೀಗ್ ಕಪ್‌ನಲ್ಲಿ ಡಾಂಕಾಸ್ಟರ್ ವಿರುದ್ಧ ಆಡುವಾಗ ಪಾದದ ಮೆಟಟಾರ್ಸಲ್ ಮೂಳೆ ಮುರಿಯಿತು. ಕಾಲ್ಬೆರಳುಗಳನ್ನು ಪಾದದ ನಡುಭಾಗಕ್ಕೆ ಜೋಡಿಸುವ ಐದು ಉದ್ದ ಮೂಳೆಗಳಲ್ಲಿ ಒಂದು ಅದು. ಓಡುವಾಗ, ತಿರುಗುವಾಗ, ಒದೆಯುವಾಗ ಭಾರವೆಲ್ಲ ಅಲ್ಲೇ ಬೀಳುವುದರಿಂದ ಪೂರ್ತಿ ಕೂಡುವ ಮೊದಲು ಇಳಿದರೆ ಮತ್ತೆ ಬಿರುಕು ಬಿಡುತ್ತದೆ. ಡಿಸೆಂಬರ್ ಕೊನೆಯವರೆಗೆ ಅವನು ಆಡಲಿಲ್ಲ. ಐದು ಪಂದ್ಯ, ಗೋಲು ಸೊನ್ನೆ. ಫೆಬ್ರವರಿ 1ರಂದು ಟಾಟನ್‌ಹ್ಯಾಮ್ ವಾಪಸ್ ಕರೆಸಿಕೊಂಡಿತು.

ಇಪ್ಪತ್ತು ದಿನಕ್ಕೆ ನಾಲ್ಕನೆಯದು, ಲೆಸ್ಟರ್ ಸಿಟಿಗೆ. ಜನವರಿಯ ವರ್ಗಾವಣೆ ಅವಧಿ ಮುಗಿದಿತ್ತಲ್ಲ ಎಂದು ಕೇಳಬಹುದು. ಆಗ ಪ್ರೀಮಿಯರ್ ಲೀಗಿಗಿಂತ ಕೆಳಗಿನ ಕ್ಲಬ್‌ಗಳಿಗೆ ಅವಧಿಯ ಹೊರಗೂ ತುರ್ತು ಎರವಲು ಪಡೆಯುವ ಅವಕಾಶವಿತ್ತು, ಹೆಚ್ಚೆಂದರೆ 93 ದಿನ. ಈಗ ಅದನ್ನು ನಿಲ್ಲಿಸಿದ್ದಾರೆ. ತವರಿನ ಮೊದಲ ಪಂದ್ಯದಲ್ಲೇ ಬ್ಲ್ಯಾಕ್‌ಬರ್ನ್ ವಿರುದ್ಧ ಗೋಲು ಬಂತು, ಆಮೇಲೆ ಬೆಂಚಿನ ಕಾಲ. ಕ್ರಿಸ್ ವುಡ್, ಡೇವಿಡ್ ನ್ಯೂಜೆಂಟ್, ಜೇಮೀ ವಾರ್ಡಿ, ಸ್ಟ್ರೈಕರ್‌ಗಳ ದಂಡೇ ಅಲ್ಲಿತ್ತು. ಮೇ 12ರಂದು ವಾಟ್‌ಫರ್ಡ್‌ನಲ್ಲಿ ನಡೆದ ಪ್ಲೇ-ಆಫ್ (ಪ್ರೀಮಿಯರ್ ಲೀಗಿಗೆ ಏರುವ ಕೊನೆಯ ಜಾಗಕ್ಕಾಗಿ ನಡೆಯುವ ಪಂದ್ಯಗಳು) ಸೆಮಿಫೈನಲ್ ಇವತ್ತಿಗೂ ಜನ ಹಾಕಿಕೊಂಡು ನೋಡುವ ಪಂದ್ಯ. ಕೊನೆಯ ಗಳಿಗೆಯಲ್ಲಿ ಲೆಸ್ಟರ್‌ಗೆ ಪೆನಾಲ್ಟಿ, ಆಂಥನಿ ನೋಕಾರ್ಟ್ ಒದ್ದದ್ದನ್ನು ವಾಟ್‌ಫರ್ಡ್ ಗೋಲ್‌ಕೀಪರ್ ಮಾನುಯೆಲ್ ಅಲ್ಮುನಿಯಾ ಎರಡು ಸಲ ತಡೆದರು, ಚೆಂಡು ನೇರ ಇನ್ನೊಂದು ತುದಿಗೆ ಹೋಗಿ ಟ್ರಾಯ್ ಡೀನಿಯ ಕಾಲಿನಿಂದ ಗೋಲಾಯಿತು. ಬದಲಿಯಾಗಿ ಇಳಿದಿದ್ದ ಕೇನ್ ಅದನ್ನು ಮೈದಾನದಲ್ಲೇ ನಿಂತು ನೋಡಿದ.

ಎರವಲು ಕಳುಹಿಸುವವರು ಲೀಗಿನ ಎತ್ತರ ನೋಡುತ್ತಾರೆ. ನೋಡಬೇಕಾದದ್ದು ಆ ತಂಡದಲ್ಲಿ ಹುಡುಗನ ಜಾಗ ಖಾಲಿ ಇದೆಯೇ ಎನ್ನುವುದನ್ನು. ಕೇನ್‌ನ 16 ಗೋಲುಗಳಲ್ಲಿ 14 ಬಂದದ್ದು ಓರಿಯಂಟ್ ಮತ್ತು ಮಿಲ್‌ವಾಲ್‌ನಲ್ಲಿ.

ಟಾಟನ್‌ಹ್ಯಾಮ್‌ಗೆ ಮರಳಿದ ಮೇಲೂ ಸಾಲು ಕರಗಲಿಲ್ಲ. 2013ರಲ್ಲಿ ಗ್ಯಾರೆತ್ ಬೇಲ್‌ರನ್ನು ಮಾರಿದ ಹಣದ ಬೆನ್ನಿಗೆ ರಾಬರ್ಟೊ ಸೋಲ್ಡಾಡೊ ಬಂದರು, ಎಮ್ಯಾನುಯೆಲ್ ಅಡೆಬಾಯೋರ್ ಮೊದಲೇ ಇದ್ದರು. ಮ್ಯಾನೇಜರ್ ಬದಲಾಗಿ, ಹುಡುಗರ ತಂಡಗಳ ಕಾಲದಿಂದ ಕೇನ್‌ನನ್ನು ಬಲ್ಲ ಟಿಮ್ ಶೆರ್‌ವುಡ್ ಬಂದ ಮೇಲೆ, 2014ರ ಏಪ್ರಿಲ್ 7ರಂದು ಪ್ರೀಮಿಯರ್ ಲೀಗಿನಲ್ಲಿ ಮೊದಲ ಬಾರಿಗೆ ಆರಂಭದ ಹನ್ನೊಂದರಲ್ಲಿ ಹೆಸರು ಬಂತು. ಎದುರಾಳಿ ಸಂಡರ್‌ಲ್ಯಾಂಡ್. ಗೋಲು ಹೊಡೆದ, ಮುಂದಿನ ಎರಡು ಪಂದ್ಯಗಳಲ್ಲೂ ಹೊಡೆದ.

ಅವನ ಹೊಡೆತವನ್ನು ನಿಧಾನಗತಿಯಲ್ಲಿ ಒಮ್ಮೆ ನೋಡಬೇಕು. ಮೊದಲ ಸ್ಪರ್ಶಕ್ಕೆ ಚೆಂಡನ್ನು ಕಾಲಿನಿಂದ ಅರ್ಧ ಮೀಟರು ಪಕ್ಕಕ್ಕೆ ತಳ್ಳುತ್ತಾನೆ. ಕಾಲನ್ನು ಹಿಂದಕ್ಕೆ ಹೆಚ್ಚು ಎತ್ತುವುದೇ ಇಲ್ಲ, ಮೊಣಕಾಲಿನಿಂದ ಕೆಳಗಷ್ಟೇ ಝಾಡಿಸುತ್ತಾನೆ. ಎದುರಿನ ಡಿಫೆಂಡರ್ ಅಡ್ಡ ಹಾಕಲು ಕಾಲು ಚಾಚುವ ಕ್ಷಣಕ್ಕೇ ಚೆಂಡು ಆ ಕಾಲುಗಳ ನಡುವಿನಿಂದಲೋ ಪಕ್ಕದಿಂದಲೋ ನೆಲ ಸವರಿಕೊಂಡು ಎದುರು ಮೂಲೆಗೆ ಹೋಗುತ್ತದೆ. ಡಿಫೆಂಡರ್‌ನ ಮೈ ಮರೆಯಾಗಿರುವುದರಿಂದ ಗೋಲ್‌ಕೀಪರ್‌ಗೆ ಚೆಂಡು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ವೇಗದ ಓಟ ಇಲ್ಲದವನು ಕಂಡುಕೊಂಡ ದಾರಿ ಇದು.

2014ರ ಬೇಸಿಗೆಯಲ್ಲಿ ಮ್ಯಾನೇಜರ್ ಆಗಿ ಮೌರಿಸಿಯೊ ಪೊಚೆಟಿನೊ ಬಂದರು. ಕೇನ್‌ಗೆ ಸಿಕ್ಕಿದ್ದು ಮೊದಲಿಗೆ ಯುರೋಪಾ ಲೀಗ್ ಮತ್ತು ಲೀಗ್ ಕಪ್. ಅಕ್ಟೋಬರ್ 23ರಂದು ಗ್ರೀಸಿನ ಆಸ್ಟೆರಾಸ್ ಟ್ರಿಪೊಲಿಸ್ ವಿರುದ್ಧ ಮೂರು ಗೋಲಿನ ಹ್ಯಾಟ್ರಿಕ್ ಹೊಡೆದ. ಅದೇ ಪಂದ್ಯದ ಕೊನೆಗೆ ಗೋಲ್‌ಕೀಪರ್ ಹ್ಯೂಗೊ ಲೋರಿಸ್‌ಗೆ ಕೆಂಪು ಕಾರ್ಡ್, ಬದಲಿ ಆಟಗಾರರೆಲ್ಲ ಮುಗಿದಿದ್ದರು. ಹ್ಯಾಟ್ರಿಕ್ ವೀರನೇ ಕೈಗವಸು ತೊಟ್ಟು ನಿಂತ, ನೇರ ಬಂದ ಫ್ರೀ ಕಿಕ್ ಕೈಯಿಂದ ಜಾರಿ ಒಳಗೆ ಹೋಯಿತು. ಫಲಿತಾಂಶ 5-1. ನವೆಂಬರ್ 2ರಂದು ಆಸ್ಟನ್ ವಿಲ್ಲಾ ವಿರುದ್ಧ ಬದಲಿಯಾಗಿ ಇಳಿದು, ಕೊನೆಯ ನಿಮಿಷದ ಫ್ರೀ ಕಿಕ್‌ನಲ್ಲಿ ಗೆಲುವಿನ ಗೋಲು. ಗೋಡೆಯಂತೆ ನಿಂತವರಲ್ಲೊಬ್ಬನಿಗೆ ತಗುಲಿ ದಿಕ್ಕು ಬದಲಿಸಿದ ಚೆಂಡು ಅದು, ಅದೃಷ್ಟವೂ ಇತ್ತು ಬಿಡಿ. ಅಲ್ಲಿಂದ ಮುಂದೆ ಜಾಗ ಅವನದಾಯಿತು. ಋತು ಮುಗಿದಾಗ ಎಲ್ಲ ಸ್ಪರ್ಧೆ ಸೇರಿ 31 ಗೋಲು, ಲೀಗಿನಲ್ಲಿ 21, ಆಟಗಾರರ ಸಂಘದ ವರ್ಷದ ಯುವ ಆಟಗಾರ ಪ್ರಶಸ್ತಿ. 2015ರ ಮಾರ್ಚ್ 27ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಪರ ಲಿಥುವೇನಿಯಾ ವಿರುದ್ಧ ವೇಯ್ನ್ ರೂನಿಯ ಬದಲಿಗೆ ಇಳಿದವನು 79 ಸೆಕೆಂಡಿನಲ್ಲಿ ತಲೆಯಿಂದ ಗೋಲು ಹೊಡೆದ.

ಒಂದು ಋತುವಿನ ಮಿಂಚು ಎಂದು ಹಂಗಿಸುವವರಿಗೆ ಮುಂದಿನ ಆಗಸ್ಟ್ ಒಳ್ಳೆಯ ಅವಕಾಶ ಕೊಟ್ಟಿತು: ಲೀಗಿನಲ್ಲಿ ಒಂದು ಗೋಲೂ ಬರಲಿಲ್ಲ. ಮೊದಲ ಗೋಲು ಬಂದದ್ದು ಸೆಪ್ಟೆಂಬರ್ 26ಕ್ಕೆ, ಮ್ಯಾಂಚೆಸ್ಟರ್ ಸಿಟಿ ವಿರುದ್ಧ. 2016ರ ಮೇ ಹೊತ್ತಿಗೆ ಆ ಲೆಕ್ಕ 25ಕ್ಕೆ ಏರಿತ್ತು. 2000ರಲ್ಲಿ ಕೆವಿನ್ ಫಿಲಿಪ್ಸ್ ಗೆದ್ದ ನಂತರ ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರೀಮಿಯರ್ ಲೀಗಿನ ಗೋಲ್ಡನ್ ಬೂಟ್ ಮತ್ತೆ ಒಬ್ಬ ಇಂಗ್ಲಿಷ್ ಆಟಗಾರನ ಕೈಗೆ ಬಂದದ್ದು ಆಗಲೇ.