ಎರಡನೇ ಸಲವೂ ಬನ್ನಿ

ಕೇಳುಗರಿಗೆ ನಮಸ್ಕಾರ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿದರೆ ಏನೇನಾಗುತ್ತದೆ ಅಂತ ಮಾತಾಡಿ ಎಂದು ಭದ್ರಾವತಿ ಆಕಾಶವಾಣಿಯವರು ಕರೆದಿದ್ದಾರೆ. ನಾಲ್ಕು ಪುಟ ಬರೆದುಕೊಂಡು ಬನ್ನಿ ಎಂದರು. ನಾನು ಹೇಳಬೇಕಾದ್ದು ಮಾತ್ರ ಒಂದೇ ಸಾಲು. ಎರಡನೇ ಸಲವೂ ಬನ್ನಿ. ಯಾಕೆ ಅನ್ನುವುದಕ್ಕೆ ಉಳಿದ ಪುಟಗಳು.

ನೀವು ಅಡಿಕೆ ಸುಲಿಯುತ್ತಾ ಇದನ್ನು ಕೇಳುತ್ತಿರಬಹುದು. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿರಬಹುದು. ಮನೆಯಲ್ಲಿ ಯಾರಿಗೋ ಮೂರು ತಿಂಗಳಿಂದ ನಿದ್ದೆ ಸರಿಯಿಲ್ಲ. ಊಟ ಸೇರುವುದಿಲ್ಲ. ತೋಟದ ಕಡೆ ಕಾಲು ಹಾಕುವುದಿಲ್ಲ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡಿರಿ. ದೇವರಲ್ಲಿ ಕೇಳಿಸಿದಿರಿ. ಬೇಡ ಅನ್ನುವುದಿಲ್ಲ, ಅದನ್ನೂ ಮಾಡಿ. ಜೊತೆಗೆ ಮನೋವೈದ್ಯರಾದ ನಮ್ಮ ಹತ್ತಿರವೂ ಬನ್ನಿ.

ಮೊದಲ ದಿನ ಏನಾಗುತ್ತದೆ? ಮಾತು, ಅಷ್ಟೇ. ನಿದ್ದೆ ಯಾವಾಗಿಂದ ಕೆಟ್ಟಿತು, ಬೆಳಗಿನ ಜಾವ ಎಚ್ಚರ ಆಗುತ್ತದಾ, ಕುಡಿತ ಎಷ್ಟು, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ ಅಂತ ಕೇಳುತ್ತೇವೆ. ಸಾಯಬೇಕು ಅನ್ನಿಸಿದೆಯಾ ಅಂತಲೂ ಕೇಳುತ್ತೇವೆ. ಗಾಬರಿ ಬೇಡ, ಎಲ್ಲರನ್ನೂ ಕೇಳುತ್ತೇವೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಥೈರಾಯ್ಡ್ ನೋಡಲು ರಕ್ತ ಪರೀಕ್ಷೆ ಬರೆಯಬಹುದು. ಅದು ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. 'ಕರೆಂಟ್ ಕೊಡ್ತೀರಾ ಮೇಡಂ?' ಅಂತ ಬಾಗಿಲಲ್ಲೇ ಕೇಳುವವರಿದ್ದಾರೆ. ಇಲ್ಲ ಮಾರಾಯ್ರೇ. ನನ್ನ ಕೋಣೆಯಲ್ಲಿ ಇರುವ ಯಂತ್ರ ಅಂದರೆ ಬಿಪಿ ನೋಡುವುದು ಒಂದೇ.

ಇನ್ನು ಒಬ್ಬರ ಕಥೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ರೇಡಿಯೋದಲ್ಲಿ ಹೇಳಲಾ ಅಂತ ಅವರನ್ನೇ ಕೇಳಿದೆ. 'ಹೇಳಿ, ನಾನೂ ಕೇಳ್ತೀನಿ' ಎಂದರು.

ಘಟ್ಟದ ಅಂಚಿನ ಒಬ್ಬ ಅಡಿಕೆ ಬೆಳೆಗಾರರು. ಒಂದು ದಿನ ಶಿವಮೊಗ್ಗದ ಬಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡಿತು. ಕೈಕಾಲು ತಣ್ಣಗಾಯಿತು. ಸತ್ತೇ ಹೋದೆ ಅನ್ನಿಸಿತು. ಇಸಿಜಿ ಸರಿ ಇತ್ತು. ಎಂಡೋಸ್ಕೋಪಿ ಸರಿ ಇತ್ತು. ಮತ್ತೆ ಇಸಿಜಿ, ಅದೂ ಸರಿ. ಫೈಲು ದಪ್ಪ ಆಯಿತು, ಮನುಷ್ಯ ತೆಳ್ಳಗಾದರು. ಬಸ್ ಹತ್ತುವುದನ್ನೇ ಬಿಟ್ಟರು. ಕೊನೆಗೆ ಹೆಂಡತಿ ಬಾಡಿಗೆ ಕಾರು ಮಾಡಿ ನನ್ನ ಹತ್ತಿರ ಕರೆತಂದರು.

ಇದಕ್ಕೆ ಪ್ಯಾನಿಕ್ ಅಂತಾರೆ, ಹೃದಯ ಗಟ್ಟಿ ಇದೆ, ಗುಳಿಗೆ ಇದೆ ಎಂದೆ. ಮೊದಲ ವಾರ ಸ್ವಲ್ಪ ವಾಕರಿಕೆ, ತಲೆನೋವು ಬರಬಹುದು, ತಾನಾಗಿ ಹೋಗುತ್ತದೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಎಲ್ಲವನ್ನೂ ಎರಡೆರಡು ಸಲ ಹೇಳಿದೆ. ಅವರು ತಲೆಯಾಡಿಸಿದರು. ನಾಲ್ಕು ದಿನ ನುಂಗಿದರು. ವಾಕರಿಕೆ ಬಂತು. ಗುಳಿಗೆ ಮೇಜಿನ ಡ್ರಾಯರ್ ಸೇರಿತು. ಐದು ತಿಂಗಳು ಪತ್ತೆಯಿಲ್ಲ.

ಮತ್ತೆ ಹೆಂಡತಿಯೇ ಹೊರಡಿಸಿದರು. ಆದರೆ ಈ ಪುಣ್ಯಾತ್ಮರಿಗೆ ನಮ್ಮ ಬಾಗಿಲ ಮುಂದೆ ಕೂರಲು ನಾಚಿಕೆ. ಯಾರಾದರೂ ನೋಡಿದರೆ? ಮಗಳಿಗೆ ಬೇರೆ ಗಂಡು ನೋಡುತ್ತಿದ್ದರು. 'ನೀನು ಇಲ್ಲಿ ಕೂತ್ಕೋ, ಸರದಿ ಬಂದಾಗ ಫೋನ್ ಮಾಡು' ಅಂತ ಹೆಂಡತಿಗೆ ಹೇಳಿ, ಆಚೆ ಕಣ್ಣಿನ ವಿಭಾಗದ ಬೆಂಚಿನಲ್ಲಿ ಹೋಗಿ ಕೂತರು. ನೋಡಿದರೆ ಪಕ್ಕದಲ್ಲೇ ತಂಗಿಯ ಗಂಡ!

'ಎಂತ ಭಾವ, ಇಲ್ಲಿ?' 'ಕಣ್ಣು ಸ್ವಲ್ಪ ಮಂಜು. ನೀವು?' 'ನಂದೂ ಕಣ್ಣೇ.' ಇಬ್ಬರೂ ಒಂದು ಗಂಟೆ ಅಡಿಕೆ ರೇಟು ಮಾತಾಡಿದರಂತೆ. ಆಮೇಲೆ ನಮ್ಮ ಸಿಸ್ಟರ್ ಕಾರಿಡಾರಿಗೆ ಬಂದು ತಂಗಿಯ ಗಂಡನ ಹೆಸರನ್ನೇ ಜೋರಾಗಿ ಕೂಗಿದರು. ಆ ಮನುಷ್ಯ ಒಂದು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದವರು. ಹೀಗೆ ಕೂಗಿದ್ದು ನಮ್ಮದೇ ತಪ್ಪು. ಈಗ ನಂಬರ್ ಮಾತ್ರ ಕರೆಯುತ್ತೇವೆ.

ಆದರೆ ಅವತ್ತು ಆ ತಪ್ಪಿನಿಂದ ಒಳ್ಳೆಯದಾಯಿತು. ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದು ಏನಿದೆ? ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ತಂಗಿಯ ಗಂಡ ಹೇಳಿದರಂತೆ: 'ವಾಕರಿಕೆ ನಂಗೂ ಬಂದಿತ್ತು, ವಾರದಲ್ಲಿ ಹೋಯ್ತು. ಮಳೆಗೆ ಮುಂಚೆ ಅಡಿಕೆಗೆ ಒಂದ್ಸಲ ಬೋರ್ಡೋ ಔಷಧಿ ಹೊಡೆದು, ನಲವತ್ತು ದಿನ ಬಿಟ್ಟು ಎರಡನೇ ಸಲ ಹೊಡೀದೆ ಇದ್ರೆ ಕೊಳೆರೋಗ ಬಿಡುತ್ತಾ ಭಾವ?' ಮುಗಿಯಿತು. ಅವತ್ತಿಂದ ಒಂದು ದಿನ ಗುಳಿಗೆ ತಪ್ಪಿಸಿಲ್ಲ. ನಾನು ಎರಡೆರಡು ಸಲ ಹೇಳಿದ್ದೂ ಅದನ್ನೇ ಅಲ್ವಾ! ಹೋಗಲಿ. ಆ ಬೋರ್ಡೋ ಮಾತನ್ನು ಅಂದಿನಿಂದ ನಾನೂ ಎಲ್ಲರಿಗೂ ಹೇಳುತ್ತೇನೆ.

ಗುಳಿಗೆಯ ಜೊತೆ ಅವರಿಗೆ ಮಾತಿನ ಚಿಕಿತ್ಸೆಯೂ ಆಯಿತು. ಇದನ್ನು ಸೈಕಾಲಜಿಸ್ಟ್ ಮಾಡುತ್ತಾರೆ, ಅವರು ಗುಳಿಗೆ ಬರೆಯುವುದಿಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಬುದ್ಧಿವಾದ ಹೇಳುತ್ತಾರೆ ಅಂದುಕೊಳ್ಳಬೇಡಿ, ಬುದ್ಧಿವಾದಕ್ಕೆ ನೆಂಟರು ಸಾಕು. ಇಲ್ಲಿ ಮನೆಕೆಲಸ ಕೊಡುತ್ತಾರೆ, ಶಾಲೆಯ ಹಾಗೆ. ಇವರಿಗೆ ಮೊದಲ ವಾರ ಬಸ್ ಸ್ಟ್ಯಾಂಡಿನ ತನಕ ಹೋಗಿ ಸುಮ್ನೆ ನಿಂತು ಬನ್ನಿ ಎಂದರು. ಆಮೇಲೆ ಒಂದು ಸ್ಟಾಪ್. ಆಮೇಲೆ ತೀರ್ಥಹಳ್ಳಿಯ ತನಕ. ಎದೆ ಹೊಡೆದುಕೊಂಡರೂ ಇಳಿಯಬಾರದು, ಅದು ತಾನಾಗಿ ಇಳಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಮೂರನೇ ತಿಂಗಳು ನನ್ನ ಹತ್ತಿರ ಬಸ್ಸಿನಲ್ಲೇ ಬಂದರು. ಕಿಟಕಿ ಪಕ್ಕದ ಸೀಟು ಸಿಗಲಿಲ್ಲ ಅಂತ ದೂರು!

ಮೂರು ಪುಟ ಕಥೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಈ ಗುಳಿಗೆ ಚಟ ಆಗುವುದಿಲ್ಲ. ಗುಣ ಆಯಿತು ಅಂತ ನೀವೇ ನಿಲ್ಲಿಸಬೇಡಿ. ಗುಣ ಆದ ಮೇಲೂ ಆರು ತಿಂಗಳಾದರೂ ಬೇಕು, ಆಮೇಲೆ ನಾವೇ ಸ್ವಲ್ಪ ಸ್ವಲ್ಪ ಇಳಿಸುತ್ತೇವೆ. ನೀವು ಹೇಳಿದ್ದನ್ನು ನಾವು ಊರಿಗೆಲ್ಲ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಸೈಕಾಲಜಿಸ್ಟ್ ಜೊತೆ ಹೊಂದಿಕೆ ಆಗಲಿಲ್ಲವಾ? ಹಾಗೆಂದು ಹೇಳಿ, ಬೇರೆಯವರ ಹತ್ತಿರ ಕಳಿಸುತ್ತೇವೆ. ನಮಗೆ ಬೇಜಾರಿಲ್ಲ.

ಎಲ್ಲಿಗೆ ಹೋಗಬೇಕು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಅಷ್ಟು ದೂರ ಆಗದಿದ್ದರೆ ತಾಲ್ಲೂಕು ಆಸ್ಪತ್ರೆ. ಮಂಗಳವಾರ ಅಲ್ಲಿಗೇ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ಸರ್ಕಾರ 2014ರಲ್ಲಿ ಶುರು ಮಾಡಿದೆ. ನಿಮ್ಮಲ್ಲಿಗೆ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಳೆ ಹಿಡಿದು ಬಸ್ಸೇ ಇಲ್ಲವಾ? ಫೋನ್ ಮಾಡಿ. ಸರ್ಕಾರದ ಸಹಾಯವಾಣಿ ಟೆಲಿ ಮನಸ್, ನಂಬರ್ 14416. ಬರೆದುಕೊಳ್ಳಿ, ಒಂದು ನಾಲ್ಕು ನಾಲ್ಕು ಒಂದು ಆರು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ. ಈಗಲೇ ಮಾಡಿ, ಮನೆಯವರಿಗೂ ಹೇಳಿ.

ಬರುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ನಾಟಿ ಔಷಧಿಯ ಪುಡಿಯನ್ನೂ ತನ್ನಿ, ಬೈಯುವುದಿಲ್ಲ. ಹೊರಡುವಾಗ ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ನಮಸ್ಕಾರ.