ಗ್ರೂಪಿಗೆ ಕೀಲಿ ಹಾಕಬ್ಯಾಡ್ರಿ

ನಮಸ್ಕಾರ್ರೀ, ವಿಜಯಪುರದಿಂದ. ಹಿಂದಿನ ವಿಡಿಯೋದ ಕೆಳಗ ಒಬ್ಬ ಕಾಕಾ ಬರದಾರ: "ನಮ್ಮ ದ್ರಾಕ್ಷಿ ರೈತರ ವಾಟ್ಸಾಪ್ ಗ್ರೂಪಿನಾಗ ಜಗಳ ಭಾಳ ಆಗ್ತಿದ್ವು. ಅಡ್ಮಿನ್ ಅಷ್ಟೇ ಬರಿಯೂ ಹಂಗ ಮಾಡೀನಿ. ಈಗ ಎಲ್ಲಾ ಶಾಂತ." ಬಾಯಿಗೆ ಕೀಲಿ ಜಡದ ಮ್ಯಾಲ ಶಾಂತ ಇರಲಾರದ ಏನ್ರೀ ಕಾಕಾ? ಸುಡುಗಾಡೂ ಶಾಂತನ ಇರ್ತದ.

ಗ್ರೂಪಿಗೆ ಕೀಲಿ ಹಾಕಬ್ಯಾಡ್ರಿ. ಅಕ್ಟೋಬರ್ ಚಾಟನಿ, ಅಂದ್ರ ಬಳ್ಳಿ ಕತ್ತರಸೋದು, ಆಗಿ ತಿಂಗಳಾಗೇದ, ರಾತ್ರಿ ಮಳಿ ಹೊಡದದ. ಮುಂಜಾನಿ ತಿಕೋಟಾದ ರೈತ ತ್ವಾಟಕ್ಕ ಹೋಗಿ ನೋಡ್ತಾನ: ಎಲಿ ಮ್ಯಾಲ ಎಣ್ಣಿ ಹನಿ ಬಿದ್ದಂಗ ಹಳದಿ ಕಲೆ, ತಿರುವಿದರ ಬಿಳಿ ಬೂಷ್ಟು. ಡೌನಿ ರೋಗ ಅದು, ತಾಸು ತಾಸಿಗೆ ಲೆಕ್ಕ. ಗ್ರೂಪಿನಾಗ 1024 ಮಂದಿ, ವಾಟ್ಸಾಪ್ ಕೊಡೋದೇ ಅಷ್ಟು. ಕೇಳೋಣಂದ್ರ ಕೀಲಿ! ಅಡ್ಮಿನ್ ಸಾಹೇಬ್ರು ಬೀಗರ ಮನಿಗೆ ಹೋಗ್ಯಾರ!

"ಇಷ್ಟು ಮಂದಿನ್ನ ಹ್ಯಾಂಗ ಸಂಭಾಳಿಸೋದ್ರಿ?" ಅಂತೀರಿ. ಹಂಗಾರ ಸೇರಿಸಿದ್ಯಾಕ, ಮದವಿ ಊಟಕ್ಕ? ನಾಕು ಅಡ್ಮಿನ್ ಮಾಡ್ರಿ, ಮುಂಜಾನಿ ಇಬ್ಬರು, ಸಂಜಿಗೆ ಇಬ್ಬರು. ಹೊಸಬರಿಗೆ ಅಡ್ಮಿನ್ ಒಪ್ಪಿಗಿ ಬೇಕು ಅನ್ನೋ ಸೆಟ್ಟಿಂಗ್ ಚಾಲೂ ಮಾಡ್ರಿ. ಊರು, ಎಷ್ಟು ಎಕರೆ, ದ್ರಾಕ್ಷಿ ತಳಿ ಥಾಮ್ಸನ್ನೋ ಮಾಣಿಕ್ ಚಮನ್ನೋ ಕೇಳಿ ಒಳಗ ಬಿಡ್ರಿ. ಔಷಧ ಮಾರೋ ಏಜೆಂಟ ಅಲ್ಲೇ ತೊದಲತಾನ.

ಜಗಳ ಹುಟ್ಟೋದು ಎಲ್ಲಿ ಗೊತ್ತೇನು? "ಏನ್ ಹೊಡೀಲಿ?" ಅನ್ನೋ ಒಂದು ಸಾಲಿನಾಗ. ಹತ್ತು ಮಂದಿ ಹತ್ತು ಔಷಧ ಹೇಳ್ತಾರ, ಆಮ್ಯಾಲ ಅವರವರ ಅಪ್ಪನ ತನಕ ಹೋಗ್ತದ. ಅದಕ್ಕ ಕೇಳವ್ರು ಇಷ್ಟು ಬರೀಬೇಕು ಅಂತ ಗ್ರೂಪಿನ ಮ್ಯಾಲ ಪಿನ್ ಮಾಡ್ರಿ: ಚಾಟನಿ ಆಗಿ ಎಷ್ಟು ದಿನ, ಎಲಿ ಎರಡೂ ಮಗ್ಗಲದ ಫೋಟೋ, ಕಡೀಕ ಏನು ಹೊಡದ್ರಿ, ಯಾವಾಗ. ಪಿನ್ ಭಾಳಂದ್ರ 30 ದಿನ ನಿಲ್ಲತದ, ತಿಂಗಳಿಗೊಮ್ಮೆ ಮತ್ತ ಹಾಕ್ರಿ.

ಎರಡು ಬಾಣದ ಗುರ್ತಿನ ಫಾರ್ವರ್ಡ್ ಬಂತಂದ್ರ ಅದು ಐದು ಕೈ ದಾಟಿ ಬಂದ ಹಳಸಲ. ಅಳಸ್ರಿ. ಯಾವ ಅಡ್ಮಿನ್ ಅಳಸಿದ ಅಂತ ಎಲ್ಲಾರಿಗೂ ಕಾಣತದ. ಹಾಕಿದವ್ರಿಗೆ ಬ್ಯಾರೆ ಮೆಸೇಜ್ ಕಳಸ್ರಿ, "ಮಾಮಾ, ಇಲ್ಲಿ ದ್ರಾಕ್ಷಿ ಅಷ್ಟೇ" ಅಂತ. ನಾಕು ಮಂದಿ ಮುಂದ ಬೈದರ ನಾಳಿಗೆ ಅಂವ ತನ್ನದೇ ಗ್ರೂಪ್ ಕಟ್ಟತಾನ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್? ಮೂರು ಸರ್ತಿ ಹೇಳ್ರಿ, ನಾಕನೇದಕ್ಕ ಆ ಮನಷ್ಯಾನ್ನ ತಗೀರಿ. ಗ್ರೂಪಿಗೆ ಕೀಲಿ ಹಾಕಬ್ಯಾಡ್ರಿ! ಒಬ್ಬ ಮಾಡಿದ್ದಕ್ಕ ಇಡೀ ಊರಿಗೆ ದಂಡ ಏನ್ರೀ?

ತಡೀರಿ, ಬೆಲ್ ಒತ್ತೀರೋ ಇಲ್ಲೋ? ಒತ್ರಿ.

"ಕೀಲಿ ಹಾಕಿದ ಮ್ಯಾಲ ಒಬ್ಬರೂ ಬಿಟ್ಟು ಹೋಗಿಲ್ಲ" ಅಂತಾನ ಇನ್ನೊಬ್ಬ. ಹೋಗಾಕ ಎಚ್ಚರ ಇರಬೇಕಲ್ಲಪಾ, ಮ್ಯೂಟ್ ಮಾಡಿ ಮಲಗ್ಯಾರ! ರಾತ್ರಿ ಗೋಳಗುಮ್ಮಟದಾಗ ಒಬ್ಬನ ನಿಂತು ಕೂಗಿದಂಗದ ನಿನ್ನ ಕಥಿ. ನಿನ್ನ ದನಿ ನಿನಗೇ ವಾಪಸ್.

ಕೀಲಿ ತಗೀರಿ. ಯಾಕಂದ್ರ? ತಗೀರಿ ಅಂದ್ರ ತಗೀರಿ! ಕಾಕಾ, ಸಿಟ್ಟಿಗೇಳಬ್ಯಾಡ್ರಿ, ಸಬ್‌ಸ್ಕ್ರೈಬ್ ಅಂತೂ ತಗೀಬ್ಯಾಡ್ರಿ. ಬೈಯೋದಿದ್ರ ಕೆಳಗ ಬೈರಿ, ನಮ್ಮಲ್ಲಿ ಬಾಗಲಾ ತೆರದದ.