ಚಿಕಿತ್ಸೆಯಲ್ಲಿರುವವರಿಗೂ ನಾರು ಬೇಕು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದು, ಅವರಿಗೆ ಬಡಿಸುವವರು ನೀವಾಗಿದ್ದರೆ, ಈ ಮಾತು ನಿಮಗೇ. ಅವರ ತಟ್ಟೆಯಿಂದ ನಾರಿನಂಶವನ್ನು ತೆಗೆಯಬೇಡಿ.

ನಾರು ನಮಗೆ ಜೀರ್ಣವಾಗುವುದಿಲ್ಲ, ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರಕ್ಕೆ ಕಸುವು ಬರುವುದು ಅದರಿಂದ.

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೆನಿಫರ್ ವಾರ್ಗೋ ಮತ್ತು ಸಂಗಡಿಗರು, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರಿನ ಮೇಲೆ ಹೋರಾಡುವಂತೆ ಮಾಡುವ ಚಿಕಿತ್ಸೆ, ಪಡೆಯುತ್ತಿದ್ದವರ ಊಟ ವಿಚಾರಿಸಿದರು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದಿನಕ್ಕೆ 20 ಗ್ರಾಂಗಿಂತ ಕಡಿಮೆಯಿಲ್ಲದೆ ನಾರು ತಿಂದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. 5 ಗ್ರಾಂ ಹೆಚ್ಚಿದಂತೆಲ್ಲ, ರೋಗ ಉಲ್ಬಣಿಸುವ ಅಥವಾ ಸಾವಿನ ಅಪಾಯ ಶೇ. 30ರಷ್ಟು ಕಡಿಮೆ! ನಾರು ತಿಂದು, ಪ್ರೋಬಯಾಟಿಕ್ ಎಂಬ ‘ಒಳ್ಳೆ ಬ್ಯಾಕ್ಟೀರಿಯಾ’ ತುಂಬಿದ ಮಾತ್ರೆ ನುಂಗದೇ ಇದ್ದವರು ಎಲ್ಲರಿಗಿಂತ ಚೆನ್ನಾಗಿದ್ದರು.

ಮಂಡ್ಯ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಬಂದಿದ್ದರು. ಶ್ವಾಸಕೋಶದ ಕ್ಯಾನ್ಸರ್, ಇಮ್ಯುನೊಥೆರಪಿ ನಡೆಯುತ್ತಿತ್ತು. “ಏನು ಊಟ ಮಾಡ್ತೀರಿ ಯಜಮಾನರೇ?” ಅಂದೆ. “ಬ್ರೆಡ್ಡು, ಹಾಲು, ಗಂಜಿ ಕಣವ್ವ. ಮುದ್ದೆ ತಟ್ಟೆಗೇ ಹಾಕಾಕಿಲ್ಲ.” ಸೊಸೆಗೆ ಕಣ್ಣಲ್ಲಿ ನೀರು. “ಮೇಡಂ, ಮುದ್ದೆ ಭಾರ, ಸೊಪ್ಪು ವಾಯು ಅಂತ ನೆಂಟರೆಲ್ಲ ಹೆದರಿಸಿದರು. ಅದಕ್ಕೇ ಇದನ್ನು ಕೊಡ್ತಿದ್ದೀವಿ, ಒಳ್ಳೆ ಬ್ಯಾಕ್ಟೀರಿಯಾ ಅಂತೆ” ಎಂದು ಬ್ಯಾಗಿನಿಂದ ಕ್ಯಾಪ್ಸೂಲ್ ಬಾಟಲಿ ತೆಗೆದಳು. ಡಾಕ್ಟರ್ ಬರೆದುಕೊಟ್ಟದ್ದಲ್ಲ, ಯಾರೋ ಹೇಳಿದ್ದು. “ಒಳ್ಳೆಯವು ಮಾವನವರ ಹೊಟ್ಟೆಯಲ್ಲೇ ಇವೆಯಮ್ಮ, ನೀವು ಅವಕ್ಕೆ ಊಟ ನಿಲ್ಲಿಸಿದ್ದೀರಿ” ಅಂದೆ. ಡಾಕ್ಟರನ್ನು ಕೇಳಿ ಬಾಟಲಿ ನಿಲ್ಲಿಸಿದೆವು. ಮೊದಲ ವಾರ ಅರ್ಧ ಮುದ್ದೆ, ಆಮೇಲೆ ಸೊಪ್ಪಿನ ಸಾರು, ಆಮೇಲೆ ಹೆಸರುಕಾಳು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಇಷ್ಟು ಒಳ್ಳೆಯ ಧಾನ್ಯವನ್ನು ಕಾಯಿಲೆಯವರಿಗೆ ಆಗದು ಎಂದು ಬದಿಗಿಡುತ್ತೇವಲ್ಲ, ನನಗೆ ಸಂಕಟವಾಗುತ್ತದೆ.

ಸಮಯವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಭೇದಿಯಾಗುತ್ತಿದ್ದರೆ, ಕರುಳಿನ ಆಪರೇಷನ್ ಆಗಿದ್ದರೆ, ಕರುಳು ಕಟ್ಟಿಕೊಂಡಿದ್ದರೆ ನಾರು ಸದ್ಯಕ್ಕೆ ಬೇಡ, ಡಾಕ್ಟರ್ ಹೇಳಿದಂತೆ ಮಾಡಿ. ಬಿಳಿ ರಕ್ತಕಣ ಕಡಿಮೆಯಿದ್ದರೆ ಹಸಿ ಕೋಸಂಬರಿ ಬಿಟ್ಟು ಬೇಯಿಸಿದ್ದನ್ನೇ ಕೊಡಿ. ನಾರು ಹೆಚ್ಚಿಸುವಾಗ ನೀರನ್ನೂ ಹೆಚ್ಚಿಸಿ. ಮನೆಯಲ್ಲಿ ಅಂಥ ಕ್ಯಾಪ್ಸೂಲ್ ಬಾಟಲಿ ಇದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ. ನಮಸ್ಕಾರ.